ಬೆದ್ರಿಖ್ ಫ್ರಿಟ್ಟಾ

ಬೆದ್ರಿಖ್ ಫ್ರಿಟ್ಟಾ (1906-1944): ಚೆಕ್ ನಾಡಿನ ಯಹೂದಿ ವ್ಯಂಗ್ಯಚಿತ್ರಕಾರ ಮತ್ತು ಪತ್ರಿಕೆ, ಪುಸ್ತಕಗಳ ಚಿತ್ರ ಕಲಾವಿದ. ಬೊಹೀಮಿಯಾದ ಟೆರೆಜೀನ್ ಕೋಟೆಪಟ್ಟಣದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಲು ನಡೆಸಿದ ಘೆಟ್ಟೊದಲ್ಲಿ ಬಂದಿಯಾಗಿದ್ದುಕೊಂಡು ಕದ್ದುಮುಚ್ಚಿ ಬರೆದ ದೊಡ್ಡ ಶಾಯಿಚಿತ್ರಗಳಿಂದಲೂ, ಅಲ್ಲಿಯೇ ತನ್ನ ಮಗನ ಮೂರನೆಯ ಹುಟ್ಟುಹಬ್ಬಕ್ಕೆ ಮಾಡಿಕೊಟ್ಟ ಒಂದು ಚಿತ್ರಪುಸ್ತಕದಿಂದಲೂ ಈತ ಹೆಸರಾಗಿದ್ದಾನೆ. 1944ರ ನವೆಂಬರ್ ಮೊದಲ ದಿನಗಳಲ್ಲಿ ಔಶ್‌ವಿಟ್ಸ್ ಶಿಬಿರದಲ್ಲಿ ಸತ್ತ. ಆಗ ವಯಸ್ಸು 38.

ಹುಟ್ಟಿದ್ದು 1906ರ ಸೆಪ್ಟೆಂಬರ್ 19ರಂದು, ಉತ್ತರ ಬೊಹೀಮಿಯಾದಲ್ಲಿ ಗಡಿಗೆ ಹತ್ತಿರವಿರುವ ವಿಷ್ಞೊವಾ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಭಾಗ. 1918ರಲ್ಲಿ ಹೊಸ ಚೆಕೊಸ್ಲೊವಾಕಿಯಾಕ್ಕೆ ಸೇರಿತು. ಮನೆಯವರಿಟ್ಟ ಹೆಸರು ಫ್ರಿಟ್ಸ್ ತಾವ್‌ಸಿಗ್. ಹೆಸರಿನ ಎರಡು ಭಾಗಗಳ ಮೊದಲಕ್ಷರಗಳನ್ನು ಜೋಡಿಸಿ ಚಿತ್ರಗಳ ಕೆಳಗೆ ‘ಫ್ರಿಟ್ಟಾ’ ಎಂದು ಸಹಿ ಮಾಡತೊಡಗಿ, ಕೊನೆಗೆ ಅದೇ ಹೆಸರಾಗಿ ಉಳಿಯಿತು. ಪ್ರಾಗ್ ನಗರಕ್ಕೆ ಬಂದು ವಿನ್ಯಾಸಕಾರನಾಗಿ, ಚಿತ್ರಕಾರನಾಗಿ, ವ್ಯಂಗ್ಯಚಿತ್ರಕಾರನಾಗಿ ಸಿಕ್ಕ ಕೆಲಸ ಮಾಡಿ ಬದುಕಿದ. 1930ರ ದಶಕದ ಪ್ರಾಗ್‌ನಲ್ಲಿ ಚೆಕ್ ಮತ್ತು ಜರ್ಮನ್ ಎರಡೂ ಭಾಷೆಗಳ ಪತ್ರಿಕೆ, ಪ್ರಕಾಶನಗಳು ಒಟ್ಟೊಟ್ಟಿಗೆ ನಡೆಯುತ್ತಿದ್ದುದರಿಂದ ಕೈಯಲ್ಲಿ ವೇಗವಿದ್ದ ಕಲಾವಿದನಿಗೆ ಕೆಲಸಕ್ಕೆ ಬರವಿರಲಿಲ್ಲ.

ಅವನ ಮೇಲೆ ಅಚ್ಚೊತ್ತಿದ್ದು ‘ಸಿಂಪ್ಲಿಕುಸ್’ ಪತ್ರಿಕೆ. ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು. ಮ್ಯೂನಿಕ್‌ನಲ್ಲಿ 1896ರಿಂದ ನಡೆಯುತ್ತಿದ್ದ ‘ಸಿಂಪ್ಲಿಚಿಸಿಮುಸ್’ ಯುರೋಪಿನ ಹೆಸರಾಂತ ವ್ಯಂಗ್ಯ ವಾರಪತ್ರಿಕೆ. ಹಿಟ್ಲರ್ 1933ರಲ್ಲಿ ಅಧಿಕಾರ ಹಿಡಿದ ಮೇಲೆ ಅದು ನಾಜಿಗಳ ತಾಳಕ್ಕೆ ಕುಣಿಯತೊಡಗಿತು. ಅದರ ಸ್ಥಾಪಕರಲ್ಲೊಬ್ಬನಾದ ಯಹೂದಿ ಕಲಾವಿದ ಥಾಮಸ್ ಥಿಯೊಡೋರ್ ಹೈನೆ ತಪ್ಪಿಸಿಕೊಂಡು ಪ್ರಾಗ್‌ಗೆ ಬಂದ. ಮ್ಯೂನಿಕ್‌ನಲ್ಲಿ ಬಾಯಿ ಮುಚ್ಚಿಸಿದ ವ್ಯಂಗ್ಯವನ್ನು ಪ್ರಾಗ್‌ನಲ್ಲಿ ಮುಂದುವರಿಸಲು 1934ರ ಜನವರಿಯಲ್ಲಿ ಹೊರಟದ್ದೇ ‘ಸಿಂಪ್ಲಿಕುಸ್’. ಮುಂದೆ ‘ಡೆರ್ ಸಿಂಪ್ಲ್’ ಎಂದು ಹೆಸರು ಬದಲಿಸಿಕೊಂಡು 1935ರವರೆಗೆ ಬಂತು. ಫ್ರಿಟ್ಟಾ ಅದರ ಚಿತ್ರಕಾರರಲ್ಲೊಬ್ಬ. ವಾರವಾರವೂ ಒಂದು ರಾಜಕೀಯ ಸಂಗತಿಯನ್ನು ಒಂದೇ ಚೌಕಟ್ಟಿನಲ್ಲಿ, ಕಪ್ಪು ಗೆರೆಯಲ್ಲಿ, ಓದುಗ ಅರೆಗಳಿಗೆಯಲ್ಲಿ ಹಿಡಿಯುವಂತೆ ಹೇಳಬೇಕಾದ ಕೆಲಸ ಅದು. ಹತ್ತು ವರ್ಷ ಕಳೆದು ಅವನು ಘೆಟ್ಟೊದಲ್ಲಿ ಬರೆದುದನ್ನು ನೋಡಿದರೆ ಆ ಪಳಗಿದ ಕೈ ಎದ್ದು ಕಾಣುತ್ತದೆ.

1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ಹೊಕ್ಕಿತು. ಯಹೂದಿಗಳ ಉದ್ಯೋಗ, ಆಸ್ತಿ, ಶಾಲೆ, ಸಂಚಾರ ಒಂದೊಂದಾಗಿ ಕಿತ್ತುಕೊಳ್ಳಲಾಯಿತು. 1941ರ ಸೆಪ್ಟೆಂಬರಿನಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರ ಕಡ್ಡಾಯವಾಯಿತು. ಈ ನಡುವೆ, 1941ರ ಜನವರಿ 22ರಂದು, ಫ್ರಿಟ್ಟಾ ಮತ್ತು ಅವನ ಹೆಂಡತಿ ಯೊಹಾನಾಗೆ ಮಗ ಹುಟ್ಟಿದ. ಹೆಸರು ತೋಮಾಷ್, ಮನೆಯಲ್ಲಿ ಟಾಮಿ.

ಅದೇ ವರ್ಷದ ನವೆಂಬರ್ 24ರಂದು 342 ಯಹೂದಿ ಗಂಡಸರ ಮೊದಲ ತಂಡವನ್ನು ಟೆರೆಜೀನ್‌ಗೆ ಕಳಿಸಿದರು. ಖಾಲಿ ಬ್ಯಾರಕ್‌ಗಳನ್ನು ಬಂದಿಖಾನೆಯಾಗಿ ಸಜ್ಜುಗೊಳಿಸುವುದು ಅವರ ಕೆಲಸ. ಡಿಸೆಂಬರ್ 4ರಂದು ಹೊರಟ ಎರಡನೆಯ ‘ಕಟ್ಟಡ ತಂಡ’ದಲ್ಲಿ 1,000 ಜನ, ಫ್ರಿಟ್ಟಾ ಅದರಲ್ಲಿದ್ದ. ಈ ಎರಡು ತಂಡಗಳವರನ್ನೂ ಅವರ ಹೆಂಡತಿ ಮಕ್ಕಳನ್ನೂ ಮುಂದೆ ಪೂರ್ವಕ್ಕೆ ಸಾಗಿಸುವುದಿಲ್ಲ ಎಂಬ ಭರವಸೆ ಇತ್ತು. ಅದು ಮೂರು ವರ್ಷವೂ ಬಾಳಲಿಲ್ಲ.

ಟೆರೆಜೀನ್ ಎಂದರೆ ಜರ್ಮನ್ನರ ಬಾಯಲ್ಲಿ ಥೆರೇಸಿಯನ್‌ಸ್ಟಾಟ್. ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಯೋಸೆಫ್ 1780ರ ದಶಕದಲ್ಲಿ ತಾಯಿ ಮರಿಯಾ ತೆರೇಸಾಳ ಹೆಸರಿನಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಅದು. ಯುದ್ಧಕ್ಕೆ ಮುಂಚೆ ಸೈನಿಕರೂ ನಾಗರಿಕರೂ ಸೇರಿ ಸುಮಾರು 7,000 ಜನ ಇದ್ದ ಊರಿನಲ್ಲಿ 1942ರ ಸೆಪ್ಟೆಂಬರ್ ನಡುವಿನ ಹೊತ್ತಿಗೆ 58,000ಕ್ಕೂ ಹೆಚ್ಚು ಮಂದಿಯನ್ನು ತುಂಬಿದ್ದರು. ಜರ್ಮನಿ, ಆಸ್ಟ್ರಿಯಾಗಳಿಂದ ಮುದುಕರನ್ನು ‘ವೃದ್ಧರ ವಿಶ್ರಾಂತಿಧಾಮ’ಕ್ಕೆ ಎಂದು ನಂಬಿಸಿ, ಇದ್ದಬದ್ದ ಹಣ ಬರೆಸಿಕೊಂಡು ಇಲ್ಲಿಗೆ ತಂದು ಅಟ್ಟಗಳ ಮೇಲೆ ಮಲಗಿಸಿದರು. ಆ ಒಂದೇ ಸೆಪ್ಟೆಂಬರಿನಲ್ಲಿ ಸತ್ತವರು ಸುಮಾರು 3,900. ಯುದ್ಧ ಮುಗಿಯುವ ಹೊತ್ತಿಗೆ ಘೆಟ್ಟೊದೊಳಗೇ ಸತ್ತವರು ಸುಮಾರು 33,000; ಇಲ್ಲಿಂದ ಪೂರ್ವದ ಕೊಲೆಶಿಬಿರಗಳಿಗೆ ಸಾಗಿಸಲ್ಪಟ್ಟವರು 87,000ಕ್ಕೂ ಮಿಕ್ಕಿ. ಇಲ್ಲಿ ಗ್ಯಾಸ್ ಕೋಣೆಗಳು ನಡೆಯಲಿಲ್ಲ. ಹಸಿವು, ಕಾಯಿಲೆ, ರೈಲು ಇವಿಷ್ಟೇ ಸಾಕಾಗಿದ್ದವು.

ಘೆಟ್ಟೊದ ತಾಂತ್ರಿಕ ವಿಭಾಗಕ್ಕೆ ಸೇರಿದ ಒಂದು ಚಿತ್ರಶಾಲೆ ಮಾಗ್ಡೆಬುರ್ಗ್ ಬ್ಯಾರಕ್‌ನಲ್ಲಿತ್ತು. ಫ್ರಿಟ್ಟಾ ಅದರ ಮುಖ್ಯಸ್ಥ. ಕವಿಯೂ ಆಗಿದ್ದ ಯುವ ಕಲಾವಿದ ಪೀಟರ್ ಕೀನ್ ಅವನ ಸಹಾಯಕ. ಲಿಯೊ ಹಾಸ್, ಒಟ್ಟೊ ಉಂಗಾರ್, ಫರ್ಡಿನಾಂಡ್ ಬ್ಲಾಖ್ ಜೊತೆಗಾರರು. ಅಲ್ಲಿ ನಡೆಯುತ್ತಿದ್ದದ್ದು ನಾಜಿಗಳ ಎಸ್‌ಎಸ್ ದಳದ ಅಧಿಕಾರಿಗಳಿಗೆ ಬೇಕಾದ ಕೆಲಸ: ಕಟ್ಟಡಗಳ ನಕ್ಷೆ, ಉತ್ಪಾದನೆಯ ಅಂಕಿಅಂಶಗಳ ಚಿತ್ರಪಟ, ಘೆಟ್ಟೊ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಮೇಲಿನವರಿಗೆ ತೋರಿಸುವ ಸಚಿತ್ರ ವರದಿ. ಬಂದಿಗಳಿಗೆಂದು ಅಚ್ಚು ಹಾಕಿದ, ಹೊರಗೆಲ್ಲೂ ಚಲಾವಣೆಯಾಗದ ‘ಘೆಟ್ಟೊ ನೋಟು’ಗಳ ವಿನ್ಯಾಸವೂ ಕೀನ್‌ನದೇ. ಸಾವಿನ ಲೆಕ್ಕವನ್ನು ಅಂದವಾದ ಗ್ರಾಫ್ ಆಗಿ ಬರೆಯಬೇಕಾದ ಕಲಾವಿದನ ಪಾಡು ಎಂಥದ್ದೆಂದು ಊಹಿಸಿಕೊಳ್ಳಬಹುದು. ಆದರೆ ಈ ಕೆಲಸದಿಂದ ಕಾಗದ, ಇಂಡಿಯನ್ ಇಂಕ್, ಲೇಖನಿ, ಕುಂಚ ಕೈಗೆ ಸಿಗುತ್ತಿದ್ದವು. ಹಗಲು ಆಳುವವರಿಗಾಗಿ ಬಳಸಿದ ಅದೇ ಸಾಮಗ್ರಿಯಿಂದ ರಾತ್ರಿ ಅವರ ವಿರುದ್ಧದ ಸಾಕ್ಷ್ಯ ತಯಾರಾಗುತ್ತಿತ್ತು.

ಫ್ರಿಟ್ಟಾನ ರಹಸ್ಯ ಚಿತ್ರಗಳಲ್ಲಿ ಸುಮಾರು ನೂರು ಉಳಿದಿವೆ. ಹೆಚ್ಚಿನವು ದೊಡ್ಡ ಹಾಳೆಗಳು, ಲೇಖನಿಯ ಗೆರೆಯ ಮೇಲೆ ಕುಂಚದಿಂದ ಶಾಯಿ ಹಾಯಿಸಿದವು. ಅವಸರದಲ್ಲಿ ಗೀಚಿದ ಗುರುತುಗಳಂತೆ ಅವು ಕಾಣುವುದಿಲ್ಲ. ಹಾಸ್ ಕಂಡದ್ದನ್ನು ಕಂಡಂತೆ ಚುರುಕಾಗಿ ಹಿಡಿಯುವವನು; ಫ್ರಿಟ್ಟಾ ಒಂದು ದೃಶ್ಯವನ್ನು ರಂಗಸಜ್ಜಿಕೆಯಂತೆ ಕಟ್ಟುವವನು. ಎಲೆಯುದುರಿದ ಬೋಳು ಮರಗಳು ಅವನಲ್ಲಿ ಮತ್ತೆ ಮತ್ತೆ ಬರುತ್ತವೆ. ಮನುಷ್ಯರು ಕಮಾನುಗಳ, ಗೋಡೆಗಳ ಬುಡದಲ್ಲಿ ಕುಗ್ಗಿ ಒಂದೇ ಕಪ್ಪು ಮೊತ್ತವಾಗುತ್ತಾರೆ. ಸಾಗಣೆಯ ತಂಡಗಳು ಬರುವುದು, ಹೋಗುವುದು, ಮೂರಂತಸ್ತಿನ ಮರದ ಹಲಗೆಗಳ ಮೇಲೆ ಒತ್ತೊತ್ತಾಗಿ ಮಲಗಿದವರು, ನಾಟಕಶಾಲೆಯ ಅಟ್ಟದಲ್ಲಿ ಬಿದ್ದಿರುವ ಮುದುಕರು ಇವೆಲ್ಲ ಅವನ ವಿಷಯಗಳು. ಘೆಟ್ಟೊದಲ್ಲಿ ಸಾಮಾನು ಸಾಗಿಸಲು ಹಳೆಯ ಶವದ ಗಾಡಿಗಳನ್ನೇ ಬಳಸುತ್ತಿದ್ದರು, ಎಳೆಯುವವರು ಬಂದಿಗಳೇ. ಬೆಳಿಗ್ಗೆ ಹೆಣ ಹೊತ್ತ ಗಾಡಿ ಮಧ್ಯಾಹ್ನ ರೊಟ್ಟಿ ಹೊರುತ್ತಿತ್ತು. ವ್ಯಂಗ್ಯಚಿತ್ರಕಾರ ಉತ್ಪ್ರೇಕ್ಷೆ ಮಾಡಬೇಕಾದ ಅಗತ್ಯವೇ ಇರದಿದ್ದ ಊರು ಅದು.

ನಾಜಿಗಳ ನಟನೆಯನ್ನು ಅವನಷ್ಟು ಮೊನಚಾಗಿ ಹಿಡಿದವರು ವಿರಳ. ಘೆಟ್ಟೊದಲ್ಲಿ ‘ಅಂಗಡಿ’ಗಳಿದ್ದವು, ಬಂದಿಗಳ ಪೆಟ್ಟಿಗೆಗಳಿಂದ ಕಿತ್ತುಕೊಂಡ ಬಟ್ಟೆಬರೆಯನ್ನೇ ಅಲ್ಲಿ ಅವರಿಗೆ ಮಾರುತ್ತಿದ್ದರು. 1942ರ ಡಿಸೆಂಬರಿನಲ್ಲಿ ಒಂದು ‘ಕಾಫಿ ಹೌಸ್’ ಕೂಡ ತೆರೆಯಿತು. ಚೀಟಿ ಸಿಕ್ಕವರು ನಿಗದಿಯಾದ ಹೊತ್ತು ಕೂತು ಸಂಗೀತ ಕೇಳಬಹುದಿತ್ತು. ಫ್ರಿಟ್ಟಾನ ಕಾಫಿ ಹೌಸ್ ಚಿತ್ರದಲ್ಲಿ ಕೂತವರ ಮುಖಗಳು ಬತ್ತಿವೆ, ಕಣ್ಣುಗಳು ಎಲ್ಲೋ ನೆಟ್ಟಿವೆ. ಅಂಗಡಿಗಳ ಚಿತ್ರದಲ್ಲಿ ಮುಂಭಾಗಗಳು ನಾಟಕದ ಸೀನರಿಯ ಹಾಗೆ ತೆಳ್ಳಗೆ ನಿಂತಿವೆ. 1944ರ ಜೂನ್ 23ರಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ಪ್ರತಿನಿಧಿ ಮೊರಿಸ್ ರೊಸೆಲ್ ಇಬ್ಬರು ಡೇನಿಷ್ ಅಧಿಕಾರಿಗಳೊಂದಿಗೆ ಟೆರೆಜೀನ್ ನೋಡಲು ಬಂದ. ಅದಕ್ಕೆ ಮುಂಚೆ ಬೀದಿಗೆ ಸುಣ್ಣಬಣ್ಣ, ಹೂತೋಟ, ಮಕ್ಕಳ ಆಟದ ಬಯಲು ಎಲ್ಲ ಸಿದ್ಧವಾದವು. ಜನ ಹೆಚ್ಚಾಗಿ ಕಾಣಬಾರದೆಂದು ಮೇ ತಿಂಗಳಲ್ಲಿ 7,500 ಮಂದಿಯನ್ನು ಔಶ್‌ವಿಟ್ಸ್‌ಗೆ ಅಟ್ಟಿದರು. ಗೊತ್ತುಮಾಡಿದ ದಾರಿಯಲ್ಲಿ ನಡೆದು, ತೋರಿಸಿದ್ದನ್ನು ನೋಡಿ ರೊಸೆಲ್ ಮೆಚ್ಚುಗೆಯ ವರದಿ ಬರೆದ. ಕ್ಯಾಮೆರಾ ಹಿಡಿದು ಬಂದ ಪರೀಕ್ಷಕನಿಗೆ ಕಾಣದ್ದು ಒಳಗಿದ್ದ ಚಿತ್ರಕಾರನ ಹಾಳೆಗಳಲ್ಲಿ ಆಗಲೇ ಇತ್ತು.

ಇದೇ ಕಾಲದ ಇನ್ನೊಂದು ಕೃತಿ ಟಾಮಿಯ ಪುಸ್ತಕ. 1944ರ ಜನವರಿ 22ರ ಹುಟ್ಟುಹಬ್ಬಕ್ಕೆಂದು ಫ್ರಿಟ್ಟಾ ಅದನ್ನು ಬರೆದು ರಟ್ಟು ಹಾಕಿಸಿ ಕೊಟ್ಟ. ಐವತ್ತಕ್ಕೂ ಹೆಚ್ಚು ಹಾಳೆಗಳು. ಒಂದೊಂದರಲ್ಲೂ ಶಾಯಿಯ ಗೆರೆ, ಜಲವರ್ಣದ ತಿಳಿಬಣ್ಣ, ಕೈಯಲ್ಲೇ ಬರೆದ ಚುಟುಕಾದ ಚೆಕ್ ಮಾತು. ಗುಂಡು ಮುಖದ, ದುಂಡು ಹೊಟ್ಟೆಯ ಟಾಮಿಯೇ ನಾಯಕ. ಅವನು ಕಕ್ಕಸಿನ ಪುಟ್ಟ ಪಾತ್ರೆಯ ಮೇಲೆ ಕೂರುತ್ತಾನೆ, ಮೂರು ಮೇಣದ ಬತ್ತಿಗಳ ಕೇಕ್ ನೋಡುತ್ತಾನೆ. ಅವನಿಗೆ ನೆನಪೇ ಇರಲು ಸಾಧ್ಯವಿಲ್ಲದ ಹೊರಗಿನ ಲೋಕವನ್ನು ಅಪ್ಪ ಒಂದೊಂದಾಗಿ ಮುಂದಿಡುತ್ತಾನೆ: ಊಟದ ಪದಾರ್ಥ, ಹೂವು, ಪ್ರಾಣಿ, ದೂರದೇಶಗಳ ಪ್ರಯಾಣ. ದೊಡ್ಡವನಾದಾಗ ಏನಾಗುತ್ತೀ ಎಂದು ಕೇಳಿ ಇಂಜಿನಿಯರ್, ಬಾಕ್ಸರ್, ಚಿತ್ರಕಾರ ಎಂದು ಬಗೆಬಗೆಯ ವೇಷ ತೊಡಿಸುತ್ತಾನೆ. ಟಾಮಿ ಹುಟ್ಟಿದ ವರ್ಷದ ಕೊನೆಗೇ ಅಪ್ಪ ಘೆಟ್ಟೊ ಸೇರಿದ್ದ. ಹುಡುಗ ಮಾತು ಕಲಿತದ್ದು, ಆಡಿದ್ದು ಕೋಟೆಯೊಳಗೇ. ಅಂಥವನಿಗೆ ಅಂಗಡಿ, ಹಡಗು, ಆನೆ ಎಲ್ಲವೂ ಸಮಾನವಾಗಿ ಕಟ್ಟುಕತೆಯ ವಸ್ತುಗಳು. ಪುಸ್ತಕ ಅವನಿಗೆ ಆಟಿಕೆಯೂ ಹೌದು, ಪಾಠವೂ ಹೌದು.

ಒಂದು ಪುಟ ಮಾತ್ರ ಬೇರೆ. ಟಾಮಿ ನಮಗೆ ಬೆನ್ನು ಹಾಕಿ, ಒಂದು ಸೂಟ್‌ಕೇಸಿನ ಮೇಲೆ ಹತ್ತಿ ನಿಂತು ಕಿಟಕಿಯಾಚೆ ನೋಡುತ್ತಿದ್ದಾನೆ. ಸಾಗಣೆಗೆ ಹೆಸರು ಬಂದವರು 50 ಕಿಲೊವರೆಗಿನ ಸಾಮಾನಿನ ಮೇಲೆ ತಮ್ಮ ಸಂಖ್ಯೆ ಬರೆದುಕೊಂಡು ಬರಬೇಕಿತ್ತು. ಆ ಸೂಟ್‌ಕೇಸ್ ಯಾವುದೆಂದು ಅಲ್ಲಿದ್ದ ದೊಡ್ಡವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಗುವಿಗೆ ಅದು ಎತ್ತರಕ್ಕೆ ಏರಲು ಸಿಕ್ಕ ಮೆಟ್ಟಿಲು. ಟಾಮಿಯ ಪುಸ್ತಕವನ್ನು ಕತ್ತಲೆಯ ನಡುವಿನ ಒಂದು ಮುದ್ದಾದ ಬಿಡುವು ಎಂದು ಬೇರೆ ಇಟ್ಟು ನೋಡುವವರಿದ್ದಾರೆ. ಹಾಗೆ ನೋಡಿದರೆ ಫ್ರಿಟ್ಟಾ ಅರ್ಧ ಮಾತ್ರ ಸಿಗುತ್ತಾನೆ. ಒಂದು ವಸ್ತುವಿನಿಂದ ಎರಡು ಅರ್ಥ ಹೊರಡಿಸುವುದು ವ್ಯಂಗ್ಯಚಿತ್ರಕಾರನ ಮೂಲ ವಿದ್ಯೆ. ಕಾಫಿ ಹೌಸ್ ಚಿತ್ರದಲ್ಲಿ ಅದು ಸುಳ್ಳನ್ನು ಬಯಲು ಮಾಡುತ್ತದೆ. ಮಗನ ಪುಸ್ತಕದಲ್ಲಿ ಅದೇ ವಿದ್ಯೆ ನಿಜದ ಭಾರವನ್ನು ಮಗುವಿನ ಕಣ್ಣಿಗೆ ಮರೆಮಾಡುತ್ತದೆ. ಕೈ ಒಂದೇ, ಶಾಯಿಯೂ ಒಂದೇ. ಪುಸ್ತಕದ ಕೊನೆಗೆ ಫ್ರಿಟ್ಟಾ, ಇಂಥ ಪುಸ್ತಕಗಳನ್ನು ಸಾಲಾಗಿ ಬರೆಯಲಿದ್ದೇನೆ, ಇದು ಅವುಗಳಲ್ಲಿ ಮೊದಲನೆಯದು ಎಂದು ಮಗನಿಗೆ ತಿಳಿಸಿದ್ದಾನೆ. ಎರಡನೆಯದು ಬರಲಿಲ್ಲ.

ರಹಸ್ಯ ಚಿತ್ರಗಳಲ್ಲಿ ಕೆಲವು ಘೆಟ್ಟೊದ ಹೊರಗೂ ಹೋಗಿದ್ದವು. ಬಂದಿಯಾಗಿದ್ದ ಸ್ಟ್ರಾಸ್ ಎಂಬ ಕಲಾಸಂಗ್ರಾಹಕ ವ್ಯಾಪಾರಿ ಕಾವಲಿನ ಚೆಕ್ ಪೊಲೀಸರ ಮೂಲಕ ಹೊರಗಿನ ಬಂಧುಗಳ ಸಂಪರ್ಕ ಇಟ್ಟುಕೊಂಡಿದ್ದ. ಕಲಾವಿದರಿಂದ ಚಿತ್ರ ಪಡೆದು, ಬದಲಿಗೆ ಆಹಾರ ಕೊಡುತ್ತಿದ್ದ. ಇದು ಬಯಲಾಗುತ್ತಿದೆಯೆಂಬ ಸುಳಿವು ಸಿಕ್ಕಾಗ ಕಲಾವಿದರು ಅವಸರದಲ್ಲಿ ತಮ್ಮ ಕೆಲಸವನ್ನು ಅಡಗಿಸಿದರು. ಫ್ರಿಟ್ಟಾ ತನ್ನ ಚಿತ್ರಗಳನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ನೆಲದಲ್ಲಿ ಹೂಳಿಸಿದ. ಹಾಸ್ ತನ್ನವನ್ನು ಅಟ್ಟದ ಗೋಡೆಯೊಳಗೆ ಸೇರಿಸಿದ. ರೆಡ್‌ಕ್ರಾಸ್ ಬಂದುಹೋಗಿ ಒಂದು ತಿಂಗಳೂ ಆಗಿರಲಿಲ್ಲ, 1944ರ ಜುಲೈ 17ರಂದು ಫ್ರಿಟ್ಟಾ, ಹಾಸ್, ಉಂಗಾರ್, ಬ್ಲಾಖ್ ಮತ್ತು ವಾಸ್ತುಶಿಲ್ಪಿ ನಾರ್ಬರ್ಟ್ ಟ್ರೊಲರ್ ಇವರನ್ನು ಎಸ್‌ಎಸ್ ಕಚೇರಿಗೆ ಕರೆಸಿದರು. ವಿಚಾರಣೆಯಲ್ಲಿ ಯಹೂದಿಗಳ ಸಾಗಣೆಯ ಹೊಣೆ ಹೊತ್ತಿದ್ದ ಎಸ್‌ಎಸ್ ಅಧಿಕಾರಿ ಅಡಾಲ್ಫ್ ಐಶ್ಮನ್ ಸ್ವತಃ ಇದ್ದನೆಂದು ಹಾಸ್ ನೆನೆದಿದ್ದಾನೆ. ‘ಕ್ರೌರ್ಯದ ಅಪಪ್ರಚಾರ’ ಎಂಬುದು ಹೊರಿಸಿದ ಆಪಾದನೆ. ಯಾರ ಹೆಸರನ್ನೂ ಅವರು ಬಿಟ್ಟುಕೊಡಲಿಲ್ಲ. ಅದೇ ದಿನ ಹೆಂಡತಿ ಮಕ್ಕಳ ಸಮೇತ, ಊರಾಚೆ ನದಿಯ ಇನ್ನೊಂದು ದಡದಲ್ಲಿದ್ದ ‘ಸಣ್ಣ ಕೋಟೆ’ಗೆ ಸಾಗಿಸಿದರು. ಅದು ನಾಜಿ ರಹಸ್ಯ ಪೊಲೀಸ್ ದಳವಾದ ಗೆಸ್ಟಾಪೊದ ಸೆರೆಮನೆ. ಮೂರೂವರೆ ವರ್ಷದ ಟಾಮಿ ಅಲ್ಲಿಯ ರಾಜಕೀಯ ಕೈದಿಗಳಲ್ಲಿ ಸೇರಿದ.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಉಂಗಾರ್‌ನ ಬಲಗೈಯನ್ನು ಅವನು ಇನ್ನು ಚಿತ್ರ ಬರೆಯಲಾಗದಂತೆ ಜಜ್ಜಿದರು; ಬುಖೆನ್‌ವಾಲ್ಡ್ ಶಿಬಿರದಿಂದ ಬಿಡುಗಡೆಯಾದರೂ ಚೇತರಿಸಿಕೊಳ್ಳದೆ 1945ರ ಜುಲೈಯಲ್ಲಿ ತೀರಿಕೊಂಡ. ಬ್ಲಾಖ್‌ನನ್ನು ಸಣ್ಣ ಕೋಟೆಯಲ್ಲೇ ಕೊಂದರು. ಕೀನ್ ಅಕ್ಟೋಬರಿನಲ್ಲಿ ಔಶ್‌ವಿಟ್ಸ್‌ಗೆ ಹೋದವನು ಹಿಂದಿರುಗಲಿಲ್ಲ. ಆ ಶರತ್ಕಾಲದ ಒಂದೇ ತಿಂಗಳಲ್ಲಿ 11 ರೈಲುಗಳಲ್ಲಿ 18,400 ಮಂದಿಯನ್ನು ಟೆರೆಜೀನ್‌ನಿಂದ ಔಶ್‌ವಿಟ್ಸ್‌ಗೆ ಒಯ್ದರು. ಫ್ರಿಟ್ಟಾನನ್ನೂ ಹಾಸ್‌ನನ್ನೂ ಸಣ್ಣ ಕೋಟೆಯಿಂದ ಅಕ್ಟೋಬರ್ 26ರಂದು ಕಳಿಸಿದರು. ಪೆಟ್ಟು, ಹಸಿವು, ಆಮಶಂಕೆಗಳಿಂದ ಜರ್ಜರಿತನಾಗಿದ್ದ ಫ್ರಿಟ್ಟಾ ಔಶ್‌ವಿಟ್ಸ್ ತಲಪಿದ ಕೆಲವೇ ದಿನಗಳಲ್ಲಿ ಸತ್ತ. ಯೊಹಾನಾ 1945ರ ಫೆಬ್ರವರಿಯಲ್ಲಿ ಸಣ್ಣ ಕೋಟೆಯಲ್ಲಿ ಕೊನೆಯುಸಿರೆಳೆದಳು.

ಹಾಸ್ ಬದುಕಿದ. ಚಿತ್ರಕಾರ ಎಂಬ ಕಾರಣಕ್ಕೇ ಅವನನ್ನು ಔಶ್‌ವಿಟ್ಸ್‌ನಿಂದ ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ ಒಯ್ದು, ನಾಜಿಗಳು ಬ್ರಿಟಿಷ್ ನೋಟುಗಳನ್ನು ಖೋಟಾ ಮಾಡುತ್ತಿದ್ದ ಗುಪ್ತ ಕಾರ್ಖಾನೆಯಲ್ಲಿ ಕೂರಿಸಿದ್ದರು. 1945ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ಎಬೆನ್‌ಸೇಯಲ್ಲಿ ಅಮೆರಿಕನ್ ಸೈನ್ಯ ಅವನನ್ನು ಬಿಡಿಸಿತು. ಅವನ ಹೆಂಡತಿ ಎರ್ನಾ ಸಣ್ಣ ಕೋಟೆಯಲ್ಲಿ ಯೊಹಾನಾ ಸತ್ತ ಮೇಲೆ ಟಾಮಿಯನ್ನು ನೋಡಿಕೊಂಡಿದ್ದಳು. ದಂಪತಿಗಳು ಹುಡುಗನನ್ನು ದತ್ತು ತೆಗೆದುಕೊಂಡರು. ಹಾಸ್ ಟೆರೆಜೀನ್‌ಗೆ ಮರಳಿ, ಗೋಡೆಯಲ್ಲಿ, ನೆಲದಲ್ಲಿ ಅಡಗಿಸಿದ್ದ ಚಿತ್ರಗಳನ್ನು ತೆಗೆದ. ಸ್ನೇಹಿತನ ಮಗನನ್ನೂ ಸ್ನೇಹಿತನ ಕೆಲಸವನ್ನೂ ಒಟ್ಟಿಗೆ ಕಾಪಾಡಿದ ಈ ಮನುಷ್ಯನ ಹೆಸರಿಲ್ಲದೆ ಫ್ರಿಟ್ಟಾನ ಚರಿತ್ರೆ ಪೂರ್ತಿಯಾಗುವುದಿಲ್ಲ. ಹಾಸ್ 1955ರಲ್ಲಿ ಪೂರ್ವ ಬರ್ಲಿನ್‌ಗೆ ಹೋಗಿ ವ್ಯಂಗ್ಯಚಿತ್ರಕಾರನಾಗಿ ದುಡಿದು 1983ರಲ್ಲಿ ತೀರಿಕೊಂಡ. ಟಾಮಿ ಮುಂದೆ ಜರ್ಮನಿಯ ಮಾನ್‌ಹೈಮ್‌ನಲ್ಲಿ ನೆಲೆಸಿದ.

ಯುದ್ಧಕ್ಕೆ ಮುಂಚಿನ ಫ್ರಿಟ್ಟಾನನ್ನು ಅರಿಯಲು ಹಳೆಯ ಪತ್ರಿಕೆಗಳ ಮೊರೆಹೋಗಬೇಕು. ಕಲಾವಿದನಾಗಿ ಅವನ ಸ್ಥಾನ ನಿಂತಿರುವುದು ಘೆಟ್ಟೊದ ಮೂರು ವರ್ಷಗಳಿಗೂ ಕಡಿಮೆ ಅವಧಿಯ ಕೆಲಸದ ಮೇಲೆ. ಸಾಕ್ಷ್ಯವೆಂಬ ಕಾರಣಕ್ಕೆ ಮಾತ್ರ ಈ ಚಿತ್ರಗಳಿಗೆ ಬೆಲೆ ಕಟ್ಟುವುದು ಅವನಿಗೆ ಮಾಡುವ ಅನ್ಯಾಯ. ಎರಡು ಮಹಾಯುದ್ಧಗಳ ನಡುವಿನ ಮಧ್ಯ ಯುರೋಪ್ ಬೆಳೆಸಿದ ವ್ಯಂಗ್ಯಚಿತ್ರ ಪರಂಪರೆ ತನ್ನ ಕಡುಕಷ್ಟದ ಪರೀಕ್ಷೆಯನ್ನು ಎದುರಿಸಿದ್ದು ಈ ಹಾಳೆಗಳಲ್ಲಿ, ಮತ್ತು ಅದು ಸೋಲಲಿಲ್ಲ.

ಟಾಮಿಯ ಪುಸ್ತಕ ಹೀಬ್ರೂ, ಜರ್ಮನ್, ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿ ಅಚ್ಚಾಗಿದೆ. ಫ್ರಿಟ್ಟಾನ ಘೆಟ್ಟೊ ಚಿತ್ರಗಳು ಬರ್ಲಿನ್‌ನ ಯಹೂದಿ ಸಂಗ್ರಹಾಲಯದ ವಶಕ್ಕೆ ಬಂದು, 2013ರಲ್ಲಿ ಅಲ್ಲಿ ಅವುಗಳ ದೊಡ್ಡ ಪ್ರದರ್ಶನ ನಡೆಯಿತು. ಅವನ ಚಿತ್ರಶಾಲೆ ಇದ್ದ ಮಾಗ್ಡೆಬುರ್ಗ್ ಬ್ಯಾರಕ್‌ನಲ್ಲಿ ಈಗ ಟೆರೆಜೀನ್ ಸ್ಮಾರಕ ಸಂಸ್ಥೆ ಘೆಟ್ಟೊದ ಚಿತ್ರಕಲೆ, ಸಂಗೀತ, ನಾಟಕ, ಸಾಹಿತ್ಯಗಳ ಪ್ರದರ್ಶನವನ್ನು ನಡೆಸುತ್ತಿದೆ.